ಕೂಸು ಆರಾಮಾದ ಮೇಲಿನ ಎರಡು ವರ್ಷ

ಮಗುವಿಗೆ ಕ್ಯಾನ್ಸರ್ ಎಂದು ಗೊತ್ತಾದ ಮನೆಗೆ ಹೋದವರೆಲ್ಲ ಹೇಳಿಬರುವ ಮಾತು, ‘ಧೈರ್ಯ ತಗೋರಿ’. ಹೇಳುವವರಿಗೆ ಅದರಿಂದ ಖರ್ಚಿಲ್ಲ. ಕೇಳಿಸಿಕೊಂಡ ತಂದೆ ತಾಯಿ ಬೋನ್ ಮ್ಯಾರೋ ಪರೀಕ್ಷೆಗೆ, ಬೆನ್ನಿನ ಇಂಜೆಕ್ಷನ್‌ಗೆ ಕೂಸನ್ನು ಅಲುಗಾಡದಂತೆ ಹಿಡಿದುಕೊಳ್ಳುತ್ತಾರೆ. ಅವರಿಗೆ ಧೈರ್ಯ ಕಡಿಮೆ ಎಂದು ನನಗನ್ನಿಸಿಲ್ಲ. ನಡುದಾರಿಯಲ್ಲಿ ಚಿಕಿತ್ಸೆ ಬಿಟ್ಟವರನ್ನು ‘ತಿಳಿವಳಿಕೆ ಇಲ್ಲದವರು’ ಎಂದುಬಿಡುವುದೂ ಅಷ್ಟೇ ಸುಲಭ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸೀಮೆಯಲ್ಲಿ ಚಿಕಿತ್ಸೆ ತಪ್ಪುವುದಿದ್ದರೆ ಅದು ಬಸ್ಸು, ಕೂಲಿ, ತಾರೀಖುಗಳ ನಡುವೆ ತಪ್ಪುತ್ತದೆ. ಅದೂ ಕೂಸು ಹಾಸಿಗೆ ಹಿಡಿದ ದಿನಗಳಲ್ಲಿ ಮಾತ್ರವಲ್ಲ, ಎದ್ದು ಆಡತೊಡಗಿದ ಮೇಲೂ.

ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಿಸುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಬ್ಲಡ್ ಕ್ಯಾನ್ಸರನ್ನೇ ನೋಡಿ. 1947ರ ಕೊನೆಗೆ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ಎಂಬ ಮದ್ದು ಕೊಟ್ಟಾಗ, ಸಾವಿನ ಬಾಗಿಲಲ್ಲಿದ್ದ ಮಕ್ಕಳು ಎದ್ದು ಓಡಾಡಿದರು. ಮದ್ದನ್ನು ಒದಗಿಸಿದ್ದು ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಆದರೆ ಕೆಲವೇ ತಿಂಗಳಲ್ಲಿ ರೋಗ ತಿರುಗಿ ಬಂತು. ಕಣ್ಣಿಗೆ ಕಾಣುವ ಚೇತರಿಕೆ ಬೇರೆ, ರೋಗ ಬೇರುಸಹಿತ ಹೋಗುವುದು ಬೇರೆ ಎಂದು ವೈದ್ಯರು ಕಲಿತದ್ದು ಆ ಮಕ್ಕಳಿಂದ. ಇಂದು ಒಟ್ಟು ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುವುದಕ್ಕೆ ಕಾರಣವೂ ಅದೇ. ಮೊದಲಿನ ಕೆಲವು ತಿಂಗಳು ಬಿಗಿಯಾದ ಕೀಮೋ. ಆಮೇಲೆ ಮನೆಯಲ್ಲೇ ದಿನಕ್ಕೊಮ್ಮೆ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಅಮಿನೊಪ್ಟೆರಿನ್ನಿನ ತಮ್ಮನಂತಿರುವ ಮೆಥೊಟ್ರೆಕ್ಸೇಟ್.

ಮೊದಲ ತಿಂಗಳಲ್ಲಿ ಯಾರೂ ಮೈಮರೆಯುವುದಿಲ್ಲ. ಸ್ಟೆರಾಯ್ಡ್ ಗುಳಿಗೆಗೆ ಕೂಸಿನ ಮುಖ ಊದಿ, ನಡುರಾತ್ರಿ ಎದ್ದು ಅನ್ನ ಕೇಳುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಧರ್ಮಶಾಲೆಯಲ್ಲಿ ಆ ಹೊತ್ತಿಗೆ ಅನ್ನ ಎಲ್ಲಿಂದ ತರುವುದು ಎಂಬುದೇ ತಾಯಿಗೆ ದೊಡ್ಡ ಚಿಂತೆ. ಕಾಕಾ ರೊಕ್ಕ ಕಳಿಸುತ್ತಾನೆ, ಸೋದರಮಾವ ಬಂದು ಕೂಡುತ್ತಾನೆ, ಅಜ್ಜಿ ಕದರಮಂಡಲಗಿ ಕಾಂತೇಶನಿಗೆ ಹರಕೆ ಹೊರುತ್ತಾಳೆ. (ಹರಕೆಗಳ ಮೇಲೆ ಹರಿಹಾಯುವ ವಿಚಾರವಂತರೊಂದಿಗೆ ನನಗೆ ಸಹಮತವಿಲ್ಲ. ಮದ್ದು ಬಿಡಿಸದ ಹರಕೆಯಿಂದ ಕೆಡುಕೇನಿಲ್ಲ. ಬಿಳಿರಕ್ತ ಕಣಗಳ ಕೌಂಟ್ ಬಿದ್ದಿರುವಾಗ ಜಾತ್ರೆಯ ಗದ್ದಲಕ್ಕೆ ಕೂಸನ್ನು ಒಯ್ಯದಿದ್ದರಾಯಿತು.) ಎಂಟು ತಿಂಗಳ ಮೇಲೆ ತಲೆಯಲ್ಲಿ ಕೂದಲು ಬಂದಿರುತ್ತದೆ, ಹುಡುಗ ಓಣಿಯಲ್ಲಿ ಸೈಕಲ್ ಹೊಡೆಯುತ್ತಿರುತ್ತಾನೆ. ಆಗ ಬಂಧುಗಳ ಬಾಯಲ್ಲಿ ಬೇರೆ ಮಾತು: ‘ಆರಾಮ ಅದಾನಲ್ಲ, ಇನ್ನ ಯಾಕ ಆ ಗುಳಿಗಿ?’

ಇದು ಹಳ್ಳಿಯವರ ದಡ್ಡತನವಲ್ಲ. ಅಮೆರಿಕದಲ್ಲಿ ಸ್ಮಿತಾ ಭಾಟಿಯಾ ಮತ್ತು ಸಂಗಡಿಗರು ಗುಳಿಗೆ ಡಬ್ಬಿಯ ಮುಚ್ಚಳದಲ್ಲೇ ಚಿಪ್ ಇಟ್ಟು, ಅದು ಯಾವ ದಿನ ತೆರೆಯಿತು ಎಂದು ದಾಖಲಿಸಿದರು. ಕೊಡಬೇಕಾದ ಗುಳಿಗೆಗಳಲ್ಲಿ ಶೇ. 95ಕ್ಕಿಂತ ಕಡಿಮೆ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚಿತ್ತು. ಅಂದರೆ ತಿಂಗಳಿಗೆ ಎರಡು ದಿನ ತಪ್ಪಿದರೂ ಲೆಕ್ಕ ಕೆಟ್ಟಂತೆ. ತಪ್ಪಿಸಿದ್ದೇಕೆಂದು ಕೇಳಿದರೆ ಹೆಚ್ಚಿನವರು ಕೊಟ್ಟ ಕಾರಣ, ಮರೆತೆವು ಎಂಬುದೇ. ಓದುಬರಹ, ಕಾರು, ಫ್ರಿಜ್ ಎಲ್ಲ ಇದ್ದ ದೇಶದ ಕತೆ ಇದು.

ಇನ್ನು ನಮ್ಮಲ್ಲಿ ನೆನಪಿದ್ದರೂ ಸಾಲದು. ಈ ಗುಳಿಗೆಗಳ ಪ್ರಮಾಣ ರಕ್ತಪರೀಕ್ಷೆ ನೋಡಿ ಏರಿಳಿಯಬೇಕು, ಆದ್ದರಿಂದ ತಾರೀಖಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಬೇಕು. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯಲ್ಲಿ ತೊಟ್ಟು ಬಿಡಿಸುವ ಹೆಂಗಸಿಗೆ, ಚೀಲ ಹೊರುವ ಹಮಾಲನಿಗೆ ವರ್ಷದ ಗಳಿಕೆಯೇ ಆ ನಾಲ್ಕು ತಿಂಗಳಲ್ಲಿದೆ. ರಾಣೇಬೆನ್ನೂರು ಸುತ್ತಿನ, ಹೈಬ್ರಿಡ್ ಬೀಜ ಬೆಳೆಯುವ ಸೀಡ್ಸ್ ಪ್ಲಾಟುಗಳಲ್ಲಿ ಸಂಜೆ ಮೊಗ್ಗು ಬಿಡಿಸಿಟ್ಟು ಮರುದಿನ ಬೆಳಿಗ್ಗೆಯೇ ಕ್ರಾಸಿಂಗ್ ಮಾಡಬೇಕು. ಆಸ್ಪತ್ರೆಗೆಂದು ಬೆಂಗಳೂರು ಬಸ್ಸು ಹತ್ತಿದವಳಿಗಾಗಿ ಹೂವು ಕಾಯುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ ಇಲ್ಲ ನಿಜ, ಆದರೆ ಸ್ಲೀಪರ್ ಬಸ್ಸಿಗೆ ಅದು ನಡೆಯದು. ಹಾಗಾಗಿ ಕೆಂಪು ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುಮಾರು 300 ಕಿಲೋಮೀಟರ್ ಅವಳೊಬ್ಬಳೇ ಹೋಗುತ್ತಾಳೆ, ಗಂಡ ಕೂಲಿಗೆ ಉಳಿಯುತ್ತಾನೆ. ಹೆಣ್ಣುಕೂಸಾದರೆ ಅದಕ್ಕೂ ಟಿಕೆಟ್ ಬೇಡ. ಆದರೂ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ದಾಖಲೆಯಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಕಡಿಮೆ, ಅದೂ ರೋಗದ ಸ್ವಭಾವವೊಂದರಿಂದಲೇ ವಿವರಿಸಲಾಗದಷ್ಟು ಕಡಿಮೆ. ಟಿಕೆಟ್ ಮಾಫಿಯಾದರೆ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಭರಿಸುತ್ತದೆ. ಅದು ದೊಡ್ಡ ಮಾತೇ. ಅದಿಲ್ಲದ ಕಾಲದಲ್ಲಿ ಹೊಲ ಮಾರಿದವರುಂಟು. ಆದರೆ ಆ ಲೆಕ್ಕದಲ್ಲಿ ಮದ್ದು, ಹಾಸಿಗೆ, ಪರೀಕ್ಷೆ ಇವೆ. ತಪ್ಪಿದ ಕೂಲಿ ಇಲ್ಲ, ಅಜ್ಜಿಯ ಹತ್ತಿರ ಬಿಟ್ಟುಬಂದ, ಶಾಲೆ ತಪ್ಪಿದ ಅಕ್ಕನೂ ಇಲ್ಲ.

ಹಾಗಾದರೆ ಹಾವೇರಿಯಲ್ಲೇ ದೊಡ್ಡದೊಂದು ಕ್ಯಾನ್ಸರ್ ಆಸ್ಪತ್ರೆ ಕಟ್ಟಿದರಾಯಿತೆ? ವೇದಿಕೆಯ ಭಾಷಣಕ್ಕೆ ಅದು ಚೆನ್ನ. ಮೊದಲ ತಿಂಗಳುಗಳ ಬಿಗಿ ಚಿಕಿತ್ಸೆಗೆ ನುರಿತ ಮಕ್ಕಳ ಕ್ಯಾನ್ಸರ್ ತಂಡ ಬೇಕು, ಅದು ಕಿದ್ವಾಯಿಯಂಥ ಕಡೆಯೇ ನಡೆಯಲಿ. ಆದರೆ ಅನಂತರದ ಎರಡು ವರ್ಷದ ರಕ್ತಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಸಾಕು. ಕೌಂಟನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಗುಳಿಗೆ ಎಷ್ಟೆಂದು ಬೆಂಗಳೂರಿನ ವೈದ್ಯರು ಹೇಳಬಲ್ಲರು. ಎಲ್ಲಕ್ಕಿಂತ ಮುಖ್ಯವಾದದ್ದು ಜ್ವರ. ಬಿಳಿರಕ್ತ ಕಣ ಕುಸಿದಿರುವಾಗ ಜ್ವರ ಬಂದರೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಒಳಗೆ ಹೋಗಬೇಕು ಎಂಬುದು ವೈದ್ಯರ ನಿಯಮ. ರಾತ್ರಿ ಹನ್ನೊಂದಕ್ಕೆ ಬಂದ ಜ್ವರ ಹುಬ್ಬಳ್ಳಿ, ಬೆಂಗಳೂರಿನ ದಾರಿ ಕಾಯುವಂಥದ್ದಲ್ಲ. ‘ನಿಮ್ಮ ಪೇಷೆಂಟ್ ಅಲ್ಲಿಯವರು, ಅಲ್ಲಿಗೇ ಒಯ್ಯಿರಿ’ ಎಂದು ರಾಣೇಬೆನ್ನೂರಿನಲ್ಲಿ ಕಳಿಸಿಬಿಟ್ಟರೆ ಕ್ಯಾನ್ಸರಿನಿಂದ ಉಳಿದ ಮಗು ಸೋಂಕಿಗೆ ಹೋಗುತ್ತದೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ಆರಂಭಿಸಿದ್ದು ಸರಿಯಾದ ದಾರಿ. ಅದೇ ದಾರಿ ಎಲ್ಲ ತಾಲ್ಲೂಕಿಗೂ ಇಳಿಯಬೇಕು, ಮಕ್ಕಳಿಗೂ ಸಿಗಬೇಕು.

ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಡಿಸ್ಚಾರ್ಜ್ ಆಗುವಾಗ ಫೈಲಿನ ಮೇಲುಗಡೆ ಕನ್ನಡದಲ್ಲೊಂದು ಹಾಳೆ ಇರಲಿ: ಯಾವ ಜ್ವರಕ್ಕೆ ಯಾವ ಮದ್ದು, ಯಾರಿಗೆ ಫೋನ್, ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು. ಆ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೂ ಹೆಸರುಸಹಿತ ಒಂದು ಪ್ರತಿ. ಮಗುವಿನ ಶಾಲೆಗೂ ಇನ್ನೊಂದು. ಇದು ಅಂಟುರೋಗವಲ್ಲ, ಪಕ್ಕದಲ್ಲಿ ಕೂರಿಸಿ, ಆದರೆ ಕ್ಲಾಸಿನಲ್ಲಿ ಯಾರಿಗಾದರೂ ಅಮ್ಮ (ಸೀತಾಳೆ ಸಿಡುಬು) ಎದ್ದರೆ ಅದೇ ದಿನ ಮನೆಗೆ ತಿಳಿಸಿ ಎಂದು ಅದರಲ್ಲಿ ಬರೆದಿರಬೇಕು. ಬಂಧುಗಳೂ ಧೈರ್ಯ ಹೇಳುವುದನ್ನು ಬಿಟ್ಟು, ಮಾರ್ಕೆಟ್ ಇರುವ ಸೋಮವಾರ ಯಾರಾದರೊಬ್ಬರು ಕೂಸನ್ನು ರಕ್ತಪರೀಕ್ಷೆಗೆ ಕರೆದೊಯ್ದರೆ ಆ ಮನೆಗೆ ಒಂದು ದಿನದ ಕೂಲಿ ಉಳಿಯುತ್ತದೆ.