ಇನ್ಸುಲಿನ್ ನಿಲ್ಲಲಿಲ್ಲವೆಂದರೆ ಮಾತ್ರೆ ಸೋತಂತೆಯೆ?

ಬಿ.ಪಿ., ಎದೆನೋವು, ಏರುಪೇರಾಗುವ ಎದೆಬಡಿತಗಳಿಗೆ ದಶಕಗಳಿಂದ ಕೊಡುತ್ತ ಬಂದ ಅಗ್ಗದ ಮಾತ್ರೆ ವೆರಾಪಮಿಲ್. ಮಕ್ಕಳ ಟೈಪ್ 1 ಮಧುಮೇಹದಲ್ಲೂ ಅದು ನೆರವಾಗಬಹುದು ಎಂದಾಗ ಒಂದು ಆಕ್ಷೇಪ ಬರುತ್ತದೆ: ಅದನ್ನು ತೆಗೆದುಕೊಂಡ ಮಕ್ಕಳಿಗೂ ಇನ್ಸುಲಿನ್ ಚುಚ್ಚುಮದ್ದು ತಪ್ಪಲಿಲ್ಲವಲ್ಲ, ಮತ್ತೇನು ಪ್ರಯೋಜನ? ಕೇಳುವವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಅವರು ಹಿಡಿದ ಅಳತೆಗೋಲನ್ನು ಒಪ್ಪಲಾರೆ.

ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗಿದಾಗಲೇ ಇನ್ಸುಲಿನ್ ಹೊರಬರುವುದು. ಆ ದಾರಿಯನ್ನು ತಡೆಯುವ ವೆರಾಪಮಿಲ್‌ನಂಥ ಔಷಧ ಮಧುಮೇಹಕ್ಕೆ ಒಳ್ಳೆಯದೆಂದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ವೆರಾಪಮಿಲ್ ವಿಪರೀತ ಪ್ರಮಾಣದಲ್ಲಿ ಹೊಟ್ಟೆಗೆ ಹೋದವರಲ್ಲಿ ಸಕ್ಕರೆ ಏರುವುದೂ ಉಂಟು. ಆದರೆ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಅನಾತ್ ಶಾಲೆವ್ ಅವರ ತಂಡ ಇನ್ನೊಂದು ಮಗ್ಗುಲನ್ನು ಕಂಡಿತು. ಸಕ್ಕರೆ ಏರಿದಾಗ ಬೀಟಾ ಕೋಶದಲ್ಲಿ ಟಿಎಕ್ಸ್‌ಎನ್‌ಐಪಿ ಎಂಬ ಪ್ರೋಟೀನ್ ಹೆಚ್ಚಿ, ಕೋಶವನ್ನು ಸಾವಿನತ್ತ ದೂಡುತ್ತದೆ. ಕ್ಯಾಲ್ಸಿಯಂ ತಗ್ಗಿದರೆ ಆ ಪ್ರೋಟೀನೂ ತಗ್ಗುತ್ತದೆ. 2012ರಲ್ಲಿ ಇಲಿಗಳಲ್ಲಿ ಇದು ಕಂಡಿತು. 2018ರಲ್ಲಿ ವಯಸ್ಕರ ಮೇಲಿನ ಪುಟ್ಟ ಪ್ರಯೋಗವೊಂದು ಪ್ರಕಟವಾಯಿತು. 2023ರಲ್ಲಿ 7ರಿಂದ 17 ವರ್ಷದ 88 ಮಕ್ಕಳ ಅಧ್ಯಯನ ಬಂತು. ರೋಗ ಪತ್ತೆಯಾದ 31 ದಿನಗಳೊಳಗೆ ಔಷಧ ಶುರು ಮಾಡಿದ್ದರು. ವರ್ಷದ ಕೊನೆಗೆ, ದೇಹ ತಾನೇ ತಯಾರಿಸುವ ಇನ್ಸುಲಿನ್ನಿನ ಗುರುತಾದ ಸಿ-ಪೆಪ್ಟೈಡ್ ವೆರಾಪಮಿಲ್ ಪಡೆದ ಮಕ್ಕಳಲ್ಲಿ ಪಡೆಯದವರಿಗಿಂತ ಶೇ. 30ರಷ್ಟು ಹೆಚ್ಚಿತ್ತು. ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಆಕ್ಷೇಪಕ್ಕೆ ಬಲ ಕೊಡುವುದೂ ಈ ಕೊನೆಯ ಮಾತೇ. ಆದರೆ ಎರಡೂ ಗುಂಪಿನ ಮಕ್ಕಳಿಗೆ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಹತೋಟಿಯಲ್ಲಿಡುತ್ತಿದ್ದಾಗ ಆ ಅಂಕಿ ಹತ್ತಿರಹತ್ತಿರ ಇರುವುದು ಸಹಜವಲ್ಲವೆ? ಸ್ವಂತ ಇನ್ಸುಲಿನ್ ಅಷ್ಟಿಷ್ಟಾದರೂ ಉಳಿದವರಲ್ಲಿ ಸಕ್ಕರೆ ದಿಢೀರನೆ ಕುಸಿಯುವುದು ಕಡಿಮೆ, ಕಣ್ಣಿನ ತೊಂದರೆಯೂ ಕಡಿಮೆ ಎಂದು ಅಮೆರಿಕದ ಡಿಸಿಸಿಟಿ ಅಧ್ಯಯನ ತೋರಿಸಿದೆ. ಮಗುವಿನ ಸಕ್ಕರೆ ನಡುರಾತ್ರಿ ಇಳಿದೀತೆಂದು ಎಚ್ಚರವಿರುವ ತಾಯಿಗೆ ಇದು ಸಣ್ಣ ಲಾಭವಲ್ಲ. ಟೆಪ್ಲಿಜುಮ್ಯಾಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು ರೋಗವನ್ನು ಗುಣಪಡಿಸಿದ್ದಕ್ಕಲ್ಲ, ಮುಂದೂಡಿದ್ದಕ್ಕೆ. ಆಗ ಅದರ ಒಂದು ಸುತ್ತಿನ ಬೆಲೆ ಸುಮಾರು 1,94,000 ಡಾಲರ್ ಇತ್ತು! ಅದಕ್ಕೆ ಸಂದ ಮನ್ನಣೆಯ ಸ್ವಲ್ಪ ಪಾಲಾದರೂ ಅಗ್ಗದ ಮಾತ್ರೆಗೆ ಸಲ್ಲಬೇಡವೆ?

ಹಾಗೆಂದು ಮೆಡಿಕಲ್ ಶಾಪಿಗೆ ಓಡುವುದು ಅಪಾಯ. ಈ ಮಾತ್ರೆ ಎದೆಬಡಿತವನ್ನು ನಿಧಾನಿಸುತ್ತದೆ. ಬೀಟಾ ಬ್ಲಾಕರ್ ಎಂಬ ಬಗೆಯ ಬಿ.ಪಿ. ಮಾತ್ರೆಯ ಜೊತೆ ಸೇರಿದರೆ ಹೃದಯಕ್ಕೇ ಕುತ್ತು ತರಬಲ್ಲದು. ಇಸಿಜಿ ನೋಡದೆ ಮಗುವಿಗೆ ಕೊಡುವಂಥದ್ದಲ್ಲ. 88 ಮಕ್ಕಳ ಒಂದು ವರ್ಷದ ಫಲಿತಾಂಶ ಇನ್ನೂ ದೊಡ್ಡ ಪರೀಕ್ಷೆಯನ್ನು ಬೇಡುತ್ತದೆ. ಪೇಟೆಂಟ್ ಮುಗಿದ ಔಷಧಕ್ಕೆ ಕಂಪನಿಗಳು ಹಣ ಸುರಿಯುವುದಿಲ್ಲವಾದ್ದರಿಂದ ಆ ಹೊಣೆ ಸರ್ಕಾರದ್ದು. ಎಳೆಯ ವಯಸ್ಸಿನ ಮಧುಮೇಹಿಗಳ ನೋಂದಣಿಯನ್ನು 2006ರಿಂದ ನಡೆಸುತ್ತಿರುವ ಐಸಿಎಂಆರ್ ಇಂಥ ಪರೀಕ್ಷೆಯನ್ನು ಇಲ್ಲಿನ ಮಕ್ಕಳಲ್ಲೇ ಕೈಗೊಳ್ಳಬೇಕು.

ಹೆತ್ತವರಲ್ಲೂ ಒಂದು ಕೋರಿಕೆ. ಉಳಿಸಿಕೊಳ್ಳಲು ಬೀಟಾ ಕೋಶಗಳು ಉಳಿದಿರುವುದು ರೋಗದ ಆರಂಭದಲ್ಲಿ. ಮಗುವಿಗೆ ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಅಂದೇ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.