ಜಮೀನಿನ ನಕ್ಷೆ ಕಂತೆಯಾಗೇ ಬರಲಿ

ಹನಿ ನೀರಾವರಿ ಪೈಪು ಎಲ್ಲೆಲ್ಲಿ ಹಾಯಿಸಬೇಕು ಅಂತ ತಿಳಿಯಲು ತೋಟದ ಜಿಪಿಎಸ್ ಸರ್ವೆ ಮಾಡಿಸಿದ್ದೆ. ಸರ್ವೆ ಮಾಡಿದವರು ವಾಟ್ಸಾಪಿನಲ್ಲಿ ‘ಎಸ್‌ಎಚ್‌ಪಿ’ ಅನ್ನೋ ಒಂದೇ ಫೈಲ್ ಕಳಿಸಿದ್ರು. ಡ್ರಿಪ್‌ನವರ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ. ಉಳಿದ ಫೈಲುಗಳು ಕೈಸೇರುವಷ್ಟರಲ್ಲಿ ಹದಿನೈದು ದಿನ ಹೋಯ್ತು, ತಂದಿಟ್ಟ ಸಸಿಗಳಲ್ಲಿ ಅರ್ಧ ಒಣಗಿದವು.

ಶೇಪ್‌ಫೈಲ್ ಹೆಸರಿಗೆ ಒಂದು, ಒಳಗೆ ಹಲವು. ಎಸ್‌ಎಚ್‌ಪಿಯಲ್ಲಿ ಗಡಿಗೆರೆ, ಎಸ್‌ಎಚ್‌ಎಕ್ಸ್‌ನಲ್ಲಿ ಅದರ ಸೂಚಿ, ಡಿಬಿಎಫ್‌ನಲ್ಲಿ ಸರ್ವೆ ನಂಬರು, ಬೆಳೆಯಂಥ ವಿವರ. ಪಿಆರ್‌ಜೆ ಇಲ್ಲದಿದ್ರೆ ನಕ್ಷೆ ಭೂಮಿ ಮೇಲೆ ಎಲ್ಲಿ ಕೂರಬೇಕು ಅನ್ನೋದೇ ಸಾಫ್ಟ್‌ವೇರಿಗೆ ಗೊತ್ತಾಗಲ್ಲ. ಒಂದು ಬಿಟ್ಟುಹೋದ್ರೂ ತೊಂದರೆ ರೈತನಿಗೇ.

ಅದಕ್ಕೇ ನನ್ನ ಮಾತು: ಬಿಡಿ ಫೈಲು ಕೊಟ್ಟವರಿಗೆ ಬಾಕಿ ಹಣ ಕೊಡಬೇಡಿ. ‘ಜಿಯೋಪ್ಯಾಕೇಜ್’ನಲ್ಲೇ ಕೊಡಿ ಅಂತ ಕೇಳಿ. ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂ 2014ರಲ್ಲಿ ಪ್ರಕಟಿಸಿದ ಮಾದರಿ ಇದು. ಗಡಿ, ಬೋರ್‌ವೆಲ್, ಪೈಪ್‌ಲೈನ್ ಎಲ್ಲಾ ಒಂದೇ ಫೈಲಿನಲ್ಲಿ ಇರುತ್ತೆ. ಕನ್ನಡದಲ್ಲಿ ಬರೆದ ಹೆಸರೂ ಕೆಡಲ್ಲ. ಉಚಿತವಾಗಿ ಸಿಗುವ ಕ್ಯೂಜಿಐಎಸ್‌ನಲ್ಲಿ ತೆರೆಯುತ್ತೆ. ಅವರಿಗೆ ಅದು ಬಾರದಿದ್ರೆ, ಎಲ್ಲಾ ಫೈಲು ಸೇರಿಸಿ ಒಂದು ಜಿಪ್ ಆದ್ರೂ ಮಾಡಿಕೊಡಲಿ.

ಒಂದೇ ಫೈಲ್ ಹಾಳಾದ್ರೆ ಎಲ್ಲವೂ ಹೋಗುತ್ತಲ್ಲ ಅಂತೀರಾ? ನಿಜ. ಅದಕ್ಕೆ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ನಿಮ್ಮ ಇಮೇಲಿನಲ್ಲಿ ಇಟ್ಟುಕೊಳ್ಳಿ. ಪಹಣಿಯನ್ನು ಜೋಪಾನ ಮಾಡೋ ನಾವು ನಕ್ಷೆಯನ್ನೂ ಹಾಗೇ ನೋಡ್ಕೋಬೇಕು. ಸರ್ವೆಯವರು ಹೊರಡೋ ಮುಂಚೆ ಫೈಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಸಿ ನೋಡಿ. ಹತ್ತು ನಿಮಿಷದ ಕೆಲಸ ಅಷ್ಟೇ.