ನೆರಳು ಸರಿಯುತ್ತದೆ

ಒಂಬತ್ತನೆಯ ತರಗತಿಯ ಮಗಳು "ಅಲ್ಲಾಹನಿದ್ದಾನೆಂದು ನಮಗೆ ಹೇಗೆ ಗೊತ್ತು?" ಎಂದು ಕೇಳಿದಳಂತೆ. ಗದರಿಸಿ ಬಾಯಿ ಮುಚ್ಚಿಸಿದ ತಾಯಿ ಗಾಬರಿಯಿಂದ ನನ್ನಲ್ಲಿಗೆ ಬಂದರು. "ಟೀಚರ್, ಇವಳ ಈಮಾನ್ ಏನಾಯಿತೋ!"

ನಾನು ಅವರಿಗೆ ಇಮಾಮ್ ಗಝ್ಝಾಲಿ(ರ)ಯವರ ವಿಷಯ ಹೇಳಿದೆ. 1111ರಲ್ಲಿ ನಿಧನರಾದ ಈ ಮಹಾ ವಿದ್ವಾಂಸರು 'ಅಲ್ ಮುನ್ಕಿದ್' ಗ್ರಂಥದಲ್ಲಿ ತಮ್ಮ ಸಂಶಯಗಳನ್ನು ಮುಚ್ಚಿಡದೆ ಬರೆದಿದ್ದಾರೆ. ನೆರಳು ನಿಂತಂತೆ ಕಾಣುತ್ತದೆ. ಒಂದು ಗಂಟೆ ಬಿಟ್ಟು ನೋಡಿದರೆ ಸರಿದಿರುತ್ತದೆ. ನಕ್ಷತ್ರ ದೀನಾರ್ ನಾಣ್ಯದಷ್ಟೇ ಕಾಣುತ್ತದೆ. ಗಣಿತವು ಅದು ಭೂಮಿಗಿಂತ ದೊಡ್ಡದೆನ್ನುತ್ತದೆ. ಕಣ್ಣಿನ ತಪ್ಪನ್ನು ಬುದ್ಧಿ ತೋರಿಸಿತು. ಹಾಗಾದರೆ ಬುದ್ಧಿಯ ತಪ್ಪನ್ನು ತೋರಿಸುವ ಇನ್ನೊಂದು ಯಾಕಿರಬಾರದು? ಎಚ್ಚರವಾಗುವ ತನಕ ಕನಸೂ ನಿಜವೇ ತಾನೇ? ಈ ಪ್ರಶ್ನೆ ಸುಮಾರು ಎರಡು ತಿಂಗಳು ಅವರನ್ನು ಕಾಯಿಲೆಯಂತೆ ಕಾಡಿತು. ವಾಸಿಯಾದದ್ದು ವಾದದಿಂದಲ್ಲ, ಅಲ್ಲಾಹನು ಎದೆಗೆ ಹಾಕಿದ ಬೆಳಕಿನಿಂದ ಎನ್ನುತ್ತಾರೆ.

ಹಾಗೆಂದು ತರ್ಕವನ್ನು ಅವರು ಬಿಡಲಿಲ್ಲ. ಫಿಕ್ಹ್‌ನ ಮೂಲತತ್ವಗಳ ಗ್ರಂಥ 'ಅಲ್ ಮುಸ್ತಸ್ಫಾ'ಕ್ಕೆ ತರ್ಕಶಾಸ್ತ್ರವನ್ನೇ ಪೀಠಿಕೆಯಾಗಿಟ್ಟರು. (ನಾವು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸಿದವರು, ಆ ಮಾತು ಬೇರೆ.)

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅವಳನ್ನು ಕಳುಹಿಸಲಾ?"

"ಕಳುಹಿಸಿ. ಜೊತೆಗೆ ನೀವೂ ಬನ್ನಿ" ಎಂದೆ.